ದಾಸರ ಪದಕ್ಕೆ ಗಿಟಾರ್ ಕಾರ್ಡ್ ಕೂರಿಸುವುದು ಹೇಗೆ: ತುಂಗಭದ್ರೆ ದಂಡೆಯ ನಾಲ್ಕು ಹಾಡು, ಅವುಗಳ ಕಥೆ

ರಾಯಚೂರು, ಮಾನ್ವಿ, ಗಂಗಾವತಿ ಕಡೆಯ ಭಜನಾ ಮಂಡಳಿಗಳಲ್ಲಿ ಹಾರ್ಮೋನಿಯಂ, ತಬಲಾ, ತಾಳ ಮೊದಲಿಂದಲೂ ಇವೆ. ಈಗ ಆ ಸಾಲಿಗೆ ಮನೆಯ ಹುಡುಗನೊಬ್ಬ ಗಿಟಾರ್ ಹಿಡಿದು ಬಂದು ಕೂರುತ್ತಾನೆ. ಸಿನಿಮಾ ಹಾಡಿಗೆ ಕಲಿತ ನಾಲ್ಕು ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಅವನ ಕೈಯಲ್ಲಿರುತ್ತವೆ: ಸಿ, ಜಿ, ಎ ಮೈನರ್, ಎಫ್. 'ಭಾಗ್ಯದ ಲಕ್ಷ್ಮೀ ಬಾರಮ್ಮ' ಶುರುವಾದರೂ ಅವನ್ನೇ ಬಾರಿಸುತ್ತಾನೆ. ಎರಡೇ ಸಾಲಿಗೆ ಹಾಡುವ ಅಮ್ಮನವರು ತಿರುಗಿ ನೋಡುತ್ತಾರೆ. ಶ್ರುತಿ ಸರಿಯಿದೆ, ತಾಳ ಸರಿಯಿದೆ, ಆದರೂ ಏನೋ ಕಚ್ಚುತ್ತಿದೆ. ಕಚ್ಚುತ್ತಿರುವುದು ಆ ಹಾಡಿನಲ್ಲಿ ಇಲ್ಲವೇ ಇಲ್ಲದ ಒಂದು ಸ್ವರ. ಕಾರ್ಡ್ ಅದನ್ನು ಸುಮ್ನೆ ತಂದು ಸೇರಿಸಿರುತ್ತದೆ.

ದಾಸರ ಪದಕ್ಕೆ ಕಾರ್ಡ್ ಹಾಕಬಾರದು ಅನ್ನುವವರಿದ್ದಾರೆ. ನಾನು ಆ ಪೈಕಿ ಅಲ್ಲ. ಆದರೆ ಯಾವ ಕಾರ್ಡ್ ಅನ್ನುವುದನ್ನು ರಾಗ ಹೇಳಬೇಕು, ಎಲ್ಲಿ ಬಾರಿಸಬೇಕು, ಎಲ್ಲಿ ಕೈ ಎತ್ತಬೇಕು ಅನ್ನುವುದನ್ನು ಹಾಡಿನ ಕಥೆ ಹೇಳಬೇಕು. ಈ ಎರಡನ್ನೂ ಕೇಳಿಕೊಂಡು ಹೋದರೆ ಹಾಡಿಗೆ ಪೆಟ್ಟಾಗುವುದಿಲ್ಲ.

ಬೇಕಾಗುವ ಸಾಮಾನು ಕಡಿಮೆ. ಒಂದು ಗಿಟಾರ್, ಒಂದು ಕಾಪೊ (ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು), ಫೋನಿನಲ್ಲಿ ಟ್ಯೂನರ್, ಒಂದು ನೋಟ್‌ಬುಕ್. ಸಾದಾ ಮೇಜರ್, ಮೈನರ್ ಕಾರ್ಡ್ ಹಿಡಿಯಲು ಬಂದರೆ ಸಾಕು. ನಮ್ಮ ಕಡೆಯವರಿಗೆ ಇನ್ನೊಂದು ಮಾತು: ಏಪ್ರಿಲ್, ಮೇ ಬಿಸಿಲಲ್ಲಿ ಗಿಟಾರನ್ನು ಬೈಕ್ ಮೇಲೆ ಹೊತ್ತು ತಂದ ತಕ್ಷಣ ಟ್ಯೂನ್ ಮಾಡಬೇಡಿ. ಹತ್ತು ನಿಮಿಷ ಒಳಗೆ ನೆರಳಲ್ಲಿ ಇಟ್ಟು ಆಮೇಲೆ ಮಾಡಿ. ಇಲ್ಲದಿದ್ದರೆ ಎರಡನೇ ಹಾಡಿಗೇ ತಂತಿ ಶ್ರುತಿ ಬಿಟ್ಟಿರುತ್ತದೆ.

ಮೊದಲ ಹೆಜ್ಜೆ: ಹಾಡು ಯಾರದು?

ಹಾಡಿನ ಕೊನೆಯ ನುಡಿ ನೋಡಿ. ಅಲ್ಲಿ ಅಂಕಿತ, ಅಂದರೆ ಬರೆದವರ ಗುರುತಿನ ಹೆಸರು ಇರುತ್ತದೆ. ಪುರಂದರವಿಠಲ ಅಂತಿದ್ದರೆ ಪುರಂದರದಾಸರು, ಸಿರಿಕೃಷ್ಣ ಅಂತಿದ್ದರೆ ವ್ಯಾಸರಾಯರು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಈ ಮೂರೂ ನಮ್ಮ ರಾಯಚೂರು ಸೀಮೆಯವು. ವಿಜಯದಾಸರು ಮಾನ್ವಿ ತಾಲೂಕಿನ ಚೀಕಲಪರ್ವಿಯವರು, ಗೋಪಾಲದಾಸರು ಮೊಸರಕಲ್ಲಿನವರು, ಜಗನ್ನಾಥದಾಸರು ಬ್ಯಾಗವಾಟದವರು. ಅಂಕಿತ ಗೊತ್ತಾದರೆ ಕಥೆ ಹುಡುಕುವುದು ಸುಲಭ. ಕಥೆಗಳಲ್ಲಿ ಐತಿಹ್ಯವೇ ಜಾಸ್ತಿ. ಒಂದೊಂದು ಊರಲ್ಲಿ ಒಂದೊಂದು ಥರ ಹೇಳುತ್ತಾರೆ, ಅದರಿಂದ ನಮ್ಮ ಕೆಲಸಕ್ಕೆ ತೊಂದರೆ ಇಲ್ಲ.

ಎರಡನೇ ಹೆಜ್ಜೆ: 'ಸ' ಎಲ್ಲಿದೆ?

'ಸ' ಅಂದರೆ ಹಾಡಿನ ಆಧಾರ ಸ್ವರ. ಹಾರ್ಮೋನಿಯಂ ಮಾಸ್ತರರನ್ನು ಕೇಳಿದರೆ ಮುಗಿಯಿತು. 'ಕರಿ ಒಂದು', ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಗಿಟಾರಿನ ಲೆಕ್ಕದಲ್ಲಿ ಸಿ ಶಾರ್ಪ್. 'ಕರಿ ಎರಡು' ಡಿ ಶಾರ್ಪ್, 'ಕರಿ ನಾಲ್ಕು' ಜಿ ಶಾರ್ಪ್, 'ಕರಿ ಐದು' ಎ ಶಾರ್ಪ್. ಬಿಳಿ ಮನೆಗಳು ಒಂದರಿಂದ ಏಳರವರೆಗೆ ಸಿ, ಡಿ, ಇ, ಎಫ್, ಜಿ, ಎ, ಬಿ. ಸಾಮಾನ್ಯವಾಗಿ ಗಂಡಸರು ಕರಿ ಒಂದು, ಎರಡರ ಸುತ್ತ ಹಾಡುತ್ತಾರೆ. ಹೆಂಗಸರು ಕರಿ ನಾಲ್ಕು, ಐದರ ಸುತ್ತ. ಶಾರ್ಪ್ ಅಂದ ಕೂಡಲೇ ಹೆದರಬೇಕಿಲ್ಲ. ಸುಲಭದ ಕಾರ್ಡುಗಳನ್ನೇ ಹಿಡಿದು ಕಾಪೊ ಹಾಕಿದರೆ ಆಯಿತು. ಯಾವ ಹಾಡಿಗೆ ಎಲ್ಲಿ ಅಂತ ಮುಂದೆ ಹೇಳುತ್ತೇನೆ.

ಮೂರನೇ ಹೆಜ್ಜೆ: ಸ್ವರಗಳ ಪಟ್ಟಿ, ಆಮೇಲೆ ಜರಡಿ

ಒಂದು ಸಾದಾ ಕಾರ್ಡ್ ಅಂದರೆ ಮೂರು ಸ್ವರ. ರಾಗದ ಸ್ವರಗಳನ್ನು ಒಂದು ಸಾಲಿನಲ್ಲಿ ಬರೆಯಿರಿ. ಕಾರ್ಡಿನ ಮೂರೂ ಸ್ವರ ಆ ಸಾಲಿನಲ್ಲಿದ್ದರೆ ಕಾರ್ಡ್ ಇಟ್ಟುಕೊಳ್ಳಿ. ಒಂದು ಹೊರಗಿದ್ದರೂ ಬಿಟ್ಟುಬಿಡಿ. ಇಷ್ಟೇ ನಿಯಮ. ಹೀಗೆ ಜರಡಿ ಹಿಡಿದರೆ ಕೆಲವೇ ಕಾರ್ಡ್ ಉಳಿಯುತ್ತವೆ. ಅದಕ್ಕಿಂತ ಜಾಸ್ತಿ ಬೇಕಾಗುವುದೂ ಇಲ್ಲ. ಹಾಡಿನಲ್ಲೇ ಮಾಡಿ ನೋಡೋಣ.

ಮೊದಲ ಹಾಡು: ಲಂಬೋದರ ಲಕುಮಿಕರ

ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಸರಳೆ, ಜಂಟಿ, ಅಲಂಕಾರ ಮುಗಿಸಿ ಹಾಡುವ ಮೊದಲ ಗೀತೆ ಇದು. 'ಶ್ರೀ ಗಣನಾಥ' ಅಂತ ಶುರುವಾಗುತ್ತದೆ. ಪುರಂದರದಾಸರ ರಚನೆ. ಹೊಸಬರಿಗೆ ಮಾಯಾಮಾಳವಗೌಳದಿಂದ ಪಾಠ ಶುರು ಮಾಡುವ ಪದ್ಧತಿಯೂ ಅವರದೇ ಅಂತ ಹೇಳುತ್ತಾರೆ. ಹಂಪಿಯ ವಿಠಲ ದೇವಸ್ಥಾನದ ಹತ್ತಿರ ಹೊಳೆ ದಂಡೆಯಲ್ಲಿ ಪುರಂದರ ಮಂಟಪ ಇದೆ. ಜಲಾಶಯದಿಂದ ನೀರು ಬಿಟ್ಟಾಗ ಮಂಟಪದೊಳಗೂ ಹೊಳೆ ನುಗ್ಗುತ್ತದೆ. ಪುಷ್ಯ ಅಮಾವಾಸ್ಯೆಯ ಆರಾಧನೆಗೆ ಹೋದರೆ ಒಂದೇ ದಿನಕ್ಕೆ ನೂರು ಹಾಡು ಕಿವಿಗೆ ಬೀಳುತ್ತವೆ.

ರಾಗ ಮಲಹರಿ. ಏರುವಾಗ ಸ ರಿ ಮ ಪ ದ ಸ, ಇಳಿಯುವಾಗ ಸ ದ ಪ ಮ ಗ ರಿ ಸ. ರಿ, ದ ಎರಡೂ ಕೋಮಲ (ತಗ್ಗಿಸಿದ ಸ್ವರ). 'ನಿ' ಇಲ್ಲವೇ ಇಲ್ಲ. ಈಗ ಗಿಟಾರಿನಲ್ಲಿ 'ಸ'ವನ್ನು ಇ ಮೇಲೆ ಇಡಿ. ಸ್ವರಗಳು ಹೀಗಾಗುತ್ತವೆ: ಇ, ಎಫ್, ಜಿ ಶಾರ್ಪ್, ಎ, ಬಿ, ಸಿ. ಜರಡಿ ಹಿಡಿಯಿರಿ. ಇ ಮೇಜರ್ ಉಳಿಯುತ್ತದೆ, ಎಫ್ ಮೇಜರ್ ಉಳಿಯುತ್ತದೆ, ಎ ಮೈನರ್ ಉಳಿಯುತ್ತದೆ. ಮೂರೂ ಗಿಟಾರ್ ಕಲಿಯುವವರಿಗೆ ಗೊತ್ತಿರುವ ಕಾರ್ಡುಗಳೇ.

ಎಲ್ಲಿ ಯಾವುದು? ಪ್ರತಿ ಆವರ್ತ (ತಾಳದ ಒಂದು ಸುತ್ತು) 6 ಎಣಿಕೆ.

'ಮ ಪ ದ ಸ ಸ ರಿ': ಪೂರ್ತಿ ಎ ಮೈನರ್. ಕೊನೆಯ 'ರಿ'ಗೆ ಬೇಕಾದರೆ ಎಫ್.
'ರಿ ಸ ದ ಪ ಮ ಪ': ಮೊದಲ ಎಣಿಕೆಗೆ ಎಫ್, ಅಲ್ಲಿಂದ ಎ ಮೈನರ್, ಕೊನೆಯ 'ಪ'ಗೆ ಇ.
'ರಿ ಮ ಪ ದ ಮ ಪ': ಮೊದಲ ಎರಡಕ್ಕೆ ಎಫ್, ಉಳಿದ ನಾಲ್ಕಕ್ಕೆ ಇ.
'ದ ಪ ಮ ಗ ರಿ ಸ': ಮೊದಲ ಮೂರಕ್ಕೆ ಎ ಮೈನರ್, 'ಗ' ಬಂದ ಕ್ಷಣ ಇ. ಅಲ್ಲಿಂದ ಅಲುಗಾಡಬೇಡಿ.

ನಾಲ್ಕನೇ ಸಾಲನ್ನು ನಿಧಾನಕ್ಕೆ ಬಾರಿಸಿ ಕೇಳಿ. 'ಗ' ಅನ್ನುವ ಸ್ವರ ಈ ರಾಗದಲ್ಲಿ ಇಳಿಯುವಾಗ ಮಾತ್ರ ಬರುತ್ತದೆ. ಇ ಮೇಜರ್ ಒಳಗಿರುವ ಜಿ ಶಾರ್ಪ್ ಅದೇ ಸ್ವರ. ಅದಕ್ಕೇ ಇ ಕಾರ್ಡನ್ನು ಹಾಡಿನ ತುಂಬ ಬಾರಿಸಿದರೆ ಈ ಇಳಿಜಾರಿನ ರುಚಿ ಹೋಗುತ್ತದೆ. 'ರಿ' ಎಣಿಕೆಗೆ ಎಫ್ ಹಾಕಲು ಕೈ ತುರಿಸುತ್ತದೆ, ಹಾಕಬೇಡಿ. ಇ ಮೇಲೆ ಆ ಕೋಮಲ ರಿಷಭ ಒಂದು ಗಳಿಗೆ ಉಜ್ಜಿಕೊಂಡು ಹೋಗಿ 'ಸ'ಕ್ಕೆ ಕೂರುವುದೇ ಚೆಂದ.

ಕಲಿಯುವಾಗ ಕಾಪೊ ಬೇಡ, ಬಿಳಿ ಮೂರರಲ್ಲೇ ಹಾಡಿ. ಕರಿ ನಾಲ್ಕಕ್ಕೆ ಬೇಕಾದರೆ ಕಾಪೊ 4ನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ).

ಒಂದು ಎಚ್ಚರಿಕೆ. ಈ ಗೀತೆಯ ತಾಳ ರೂಪಕ. ನಮ್ಮ ಕಡೆಯ ತಬಲಾದವರು ಬಹುಪಾಲು ಹಿಂದೂಸ್ತಾನಿ ಕಲಿತವರು. ಅವರ ರೂಪಕ್ 7 ಮಾತ್ರೆ. ಈ ರೂಪಕ 6 ಎಣಿಕೆ. 'ರೂಪಕ ಹಾಕ್ರಿ' ಅಂದುಬಿಟ್ಟರೆ ಮೊದಲ ಸಾಲಿನಲ್ಲೇ ಜಗಳ. 'ಆರು ಎಣಿಕೆ' ಅನ್ನಿ. ದಾದ್ರಾ ಬಾರಿಸಿಕೊಂಡು ಸರಾಗ ಬರುತ್ತಾರೆ.

ಎರಡನೇ ಹಾಡು: ಭಾಗ್ಯದ ಲಕ್ಷ್ಮೀ ಬಾರಮ್ಮ

ಪುರಂದರದಾಸರ ಮೂಗುತಿ ಕಥೆ ಗೊತ್ತಲ್ವಾ? ಶ್ರೀನಿವಾಸ ನಾಯಕ ಅಂತ ದೊಡ್ಡ ಸಾಹುಕಾರ, ಜನ ನವಕೋಟಿ ನಾರಾಯಣ ಅನ್ನುತ್ತಿದ್ದರು. ಕೈ ಬಿಗಿ. ಮಗನ ಮುಂಜಿಗೆ ಅಂತ ಬೇಡಿ ಬಂದ ಬ್ರಾಹ್ಮಣನನ್ನು ಅಂಗಡಿಯಿಂದ ಸತಾಯಿಸಿ ಕಳಿಸಿದ. ಆ ಬ್ರಾಹ್ಮಣ ಮನೆಗೆ ಹೋಗಿ ನಾಯಕನ ಹೆಂಡತಿಯನ್ನು ಕೇಳಿದ. ಆಕೆ ಮೂಗುತಿ ಬಿಚ್ಚಿ ಕೊಟ್ಟಳು. ಅವನು ಅದನ್ನು ಮಾರಲು ತಂದಿದ್ದು ಅದೇ ನಾಯಕನ ಅಂಗಡಿಗೆ. ಗುರುತು ಹಿಡಿದ ನಾಯಕ ಮನೆಗೆ ಬಂದು 'ಮೂಗುತಿ ಎಲ್ಲಿ?' ಅಂದ. ಆಕೆ ಹೆದರಿ ವಿಷದ ಬಟ್ಟಲು ಎತ್ತಿದಳು, ಬಟ್ಟಲಲ್ಲಿ ಮೂಗುತಿ ಸಿಕ್ಕಿತು. ಅಂಗಡಿಯಲ್ಲಿ ಇಟ್ಟು ಬಂದಿದ್ದ ಮೂಗುತಿ ಮಾಯವಾಗಿತ್ತು. ನಾಯಕ ಇದ್ದದ್ದೆಲ್ಲ ದಾನ ಮಾಡಿ ತಂಬೂರಿ ಹಿಡಿದ.

ನವಕೋಟಿಯನ್ನು ಬಿಟ್ಟು ಬಂದವನೇ ಲಕ್ಷ್ಮಿಯನ್ನು ಮನೆಗೆ ಕರೆಯುವ ಹಾಡು ಬರೆದ. ನನಗೆ ಈ ಹಾಡಿನಲ್ಲಿ ಆಸೆಗಿಂತ ಸಲಿಗೆ ಜಾಸ್ತಿ ಕೇಳಿಸುತ್ತದೆ. 'ಹೆಜ್ಜೆಯ ಮೇಲೊಂದು ಹೆಜ್ಜೆ' ಇಡುತ್ತಾ, ಗೆಜ್ಜೆ ಸದ್ದು ಮಾಡುತ್ತಾ ಬಾ ಅನ್ನುತ್ತಾರೆ ದಾಸರು. ಅಂದ ಮೇಲೆ ನಡಿಗೆಯ ವೇಗ ಇರಬೇಕು. ಮದುವೆ ಮನೆಯ ಬ್ಯಾಂಡಿನ ವೇಗದಲ್ಲಿ ಓಡಿಸಿದರೆ ಲಕ್ಷ್ಮಿ ಬಾಗಿಲು ದಾಟಿ ಹೋಗಿಯೇ ಬಿಡುತ್ತಾಳೆ. ಗದಗ ಸೀಮೆಯ ಭೀಮಸೇನ ಜೋಶಿಯವರ ದನಿಯಲ್ಲಿ ಇದನ್ನು ಕೇಳಿದವರಿಗೆ ಹೇಳುವುದೇ ಬೇಡ.

ಕರ್ನಾಟಕ ಪದ್ಧತಿಯಲ್ಲಿ ಈಗ ಹೆಚ್ಚಾಗಿ ಮಧ್ಯಮಾವತಿಯಲ್ಲಿ ಹಾಡುತ್ತಾರೆ. ಸ ರಿ ಮ ಪ ನಿ. ಇಲ್ಲಿ 'ಗ' ಇಲ್ಲ. ಕಾರ್ಡ್ ಮೇಜರೋ ಮೈನರೋ ಅಂತ ತೀರ್ಮಾನಿಸುವುದು ಇದೇ 'ಗ'. ಅದೇ ಇಲ್ಲದ ಮೇಲೆ 'ಸ'ದ ಮೇಲೆ ಮೇಜರ್ ಹಾಕಿದರೂ ತಪ್ಪು, ಮೈನರ್ ಹಾಕಿದರೂ ತಪ್ಪು. ಮೊದಲು ಹೇಳಿದ ಹುಡುಗನಿಗೆ ಆದದ್ದು ಇದೇ.

ದಾರಿ ಇದೆ. 'ಸ'ವನ್ನು ಎ ಮೇಲೆ ಇಡಿ. ಸ್ವರಗಳು ಎ, ಬಿ, ಡಿ, ಇ, ಜಿ. 'ಸ'ಕ್ಕೆ ಎ ಸಸ್ ಟು (ಸ, ರಿ, ಪ) ಹಿಡಿಯಿರಿ: ಐದನೇ ತಂತಿ ಖಾಲಿ, ನಾಲ್ಕು ಮತ್ತು ಮೂರನೇ ತಂತಿ ಎರಡನೇ ಫ್ರೆಟ್‌ನಲ್ಲಿ, ಮೊದಲೆರಡು ತಂತಿ ಖಾಲಿ. ಆರನೇ ತಂತಿ ಮುಟ್ಟಬೇಡಿ. ಇದೇ ಹಿಡಿತಕ್ಕೆ ಎರಡನೇ ತಂತಿಯ ಮೂರನೇ ಫ್ರೆಟ್ ಸೇರಿಸಿದರೆ ಎ ಸಸ್ ಫೋರ್ (ಸ, ಮ, ಪ). ಇವೆರಡರಲ್ಲೂ 'ಗ' ಇಲ್ಲ. ಸಾದಾ ಕಾರ್ಡುಗಳ ಪೈಕಿ ಇ ಮೈನರ್ ಮತ್ತು ಜಿ ಮೇಜರ್ ಎರಡೇ ಜರಡಿ ದಾಟುತ್ತವೆ.

ಸಾಲು 'ಸ'ದಲ್ಲಿ ನಿಂತರೆ ಎ ಸಸ್ ಟು. 'ಮ'ದಲ್ಲಿ ನಿಂತರೆ ಎ ಸಸ್ ಫೋರ್. 'ರಿ' ಅಥವಾ 'ಪ' ಎಳೆದರೆ ಇ ಮೈನರ್. 'ನಿ' ಮೇಲೆ ನಿಂತರೆ ಜಿ. ನೆನಪಿಡಿ, ಸ್ವರ ನಿಂತಾಗ ಮಾತ್ರ ಕಾರ್ಡ್ ಬದಲು. ಸ್ವರ ಹಾದು ಹೋಗುವಾಗ ನೀವೂ ಹಾದು ಹೋಗಲು ಬಿಡಿ. ಗೆಜ್ಜೆ, ಕಾಲು ಅನ್ನುವ ಮಾತು ಬಂದಾಗ ಎ ಸಸ್ ಟು, ಎ ಸಸ್ ಫೋರ್ ನಡುವೆ ಒಂದೇ ಬೆರಳು ಎತ್ತಿ ಇಟ್ಟರೆ ತಂತಿಯಲ್ಲೇ ಗೆಜ್ಜೆ ಕೇಳುತ್ತದೆ. ಹಾಡಿನ ಉದ್ದಕ್ಕೂ ಮಾಡಿದರೆ ಬೇಜಾರು, ಒಂದು ನುಡಿಗೆ ಸಾಕು.

ಕಾಪೊ: ಕರಿ ಒಂದಕ್ಕೆ 4, ಕರಿ ಎರಡಕ್ಕೆ 6, ಕರಿ ಐದಕ್ಕೆ 1. ಕರಿ ನಾಲ್ಕಕ್ಕೆ ಮಾತ್ರ 'ಸ'ವನ್ನು ಡಿ ಮೇಲೆ ಇಟ್ಟುಕೊಂಡು ಕಾಪೊ 6 ಹಾಕಿ. ಆಗ ಕಾರ್ಡುಗಳು ಡಿ ಸಸ್ ಟು, ಡಿ ಸಸ್ ಫೋರ್, ಎ ಮೈನರ್, ಸಿ.

ಕೀಬೋರ್ಡಿನವರಿಗೆ: ಒಂದೇ ಬೆರಳಿನ ಕಾರ್ಡ್ ಮೋಡ್ ಇಟ್ಟಿದ್ದರೆ ಯಂತ್ರ ತಾನೇ ಮೇಜರ್ ಬಾರಿಸುತ್ತದೆ, ಇಲ್ಲದ 'ಗ' ಮತ್ತೆ ಬರುತ್ತದೆ. ಆ ಮೋಡ್ ತೆಗೆದು ಎಡಗೈಯಲ್ಲಿ 'ಸ', 'ಪ' ಎರಡನ್ನೇ ಒತ್ತಿ ಹಿಡಿಯಿರಿ.

ಮೂರನೇ ಹಾಡು: ಕೃಷ್ಣಾ ನೀ ಬೇಗನೆ ಬಾರೋ

ಗಂಗಾವತಿಯಿಂದ ಆನೆಗೊಂದಿಗೆ ಹೋಗಿ ದೋಣಿ ಹತ್ತಿದರೆ ತುಂಗಭದ್ರೆಯ ನಡುಗಡ್ಡೆಯಲ್ಲಿ ನವವೃಂದಾವನ. ಒಂಬತ್ತು ಯತಿಗಳ ವೃಂದಾವನಗಳಲ್ಲಿ ಒಂದು ವ್ಯಾಸರಾಯರದು. 1539ರಲ್ಲಿ ತೀರಿಕೊಂಡವರು. ವಿಜಯನಗರದ ರಾಜಗುರು, ಕೃಷ್ಣದೇವರಾಯ ತಲೆಬಾಗಿದ ದೊಡ್ಡವರು. 'ನ್ಯಾಯಾಮೃತ', 'ತರ್ಕತಾಂಡವ' ಬರೆದ ಪಂಡಿತರು. ಪುರಂದರದಾಸರು, ಕನಕದಾಸರು ಇಬ್ಬರೂ ಇವರ ಶಿಷ್ಯರು. ಇಂಥವರು ಕೂತು ಅಂಬೆಗಾಲಿಡುವ ಕೂಸನ್ನು 'ಬೇಗ ಬಾರೋ' ಅಂತ ಕರೆದಿದ್ದಾರೆ. ಹಾಡಿನ ಕೊನೆಯ ನುಡಿಯಲ್ಲಿ ಆ ಕೂಸು ತಾಯಿಗೆ ಬಾಯಿ ತೆರೆದು ಮೂರು ಲೋಕ ತೋರಿಸುತ್ತದೆ.

ಈ ಹಾಡಿಗೆ ಗಿಟಾರ್ ಹೊಸದಲ್ಲ. 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಕೊಲೋನಿಯಲ್ ಕಸಿನ್ಸ್ ಹೆಸರಿನಲ್ಲಿ ಇದನ್ನು ಪಾಪ್ ಮಾಡಿ ದೇಶಕ್ಕೆಲ್ಲ ಕೇಳಿಸಿದರು. ನಾವಿಲ್ಲಿ ಹಳೆಯ ಧಾಟಿಗೇ ಕಾರ್ಡ್ ಹಾಕೋಣ.

ರಾಗ ಯಮುನಾಕಲ್ಯಾಣಿ. 'ಸ' ಜಿ ಮೇಲೆ ಇಟ್ಟರೆ ಮುಖ್ಯ ಸ್ವರಗಳು ಜಿ, ಎ, ಬಿ, ಸಿ ಶಾರ್ಪ್, ಡಿ, ಇ. ಉಳಿಯುವ ಕಾರ್ಡುಗಳು ಜಿ, ಎ ಮೇಜರ್, ಇ ಮೈನರ್. 'ಪ'ಕ್ಕೆ ಡಿ ಸಸ್ ಟು. ಜಿ ಇಂದ ಎ ಮೇಜರಿಗೆ ಹೋದಾಗ ಸದ್ದು ಒಮ್ಮೆಗೇ ಬೆಳಗುತ್ತದೆ. ಕಲ್ಯಾಣಿಯ ತೀವ್ರ ಮಧ್ಯಮ (ಏರಿಸಿದ 'ಮ') ಕೂತಿರುವುದು ಆ ಎ ಮೇಜರ್ ಒಳಗೆ.

ಆದರೆ ಈ ರಾಗಕ್ಕೆ ಒಂದು ಚೇಷ್ಟೆ ಇದೆ. ಇಳಿಯುವಾಗ 'ಗ ಮ ರಿ ಸ' ಅಂತ ಶುದ್ಧ ಮಧ್ಯಮವೂ (ಏರಿಸದ 'ಮ') ಇಣುಕುತ್ತದೆ. ಗಿಟಾರಿನಲ್ಲಿ ಅದು ಸಾದಾ ಸಿ. ಎ ಮೇಜರಿನಲ್ಲಿರುವುದು ಸಿ ಶಾರ್ಪ್. ಆ ಹೊತ್ತಿಗೆ ನಿಮ್ಮ ಕೈ ಎ ಮೇಜರ್ ಮೇಲಿದ್ದರೆ ಎರಡು ಮಧ್ಯಮ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಹಾಗಾಗಿ 'ಗ ಮ ರಿ ಸ' ಬರುವ ಜಾಗಗಳನ್ನು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಗುರುತಿಸಿ. ಅಲ್ಲಿ ಜಿ ಬಿಟ್ಟು ಬೇರೆ ಏನೂ ಬೇಡ.

ತಾಳ ಮಿಶ್ರಛಾಪು, ಏಳು ಎಣಿಕೆ, 3 ಮತ್ತು 4. 'ತಕಿಟ ತಕಧಿಮಿ' ಅಂತ ಬಾಯಲ್ಲಿ ಹೇಳಿಕೊಂಡೇ ಬಾರಿಸಿ. 'ತಕಿಟ'ದ 'ತ'ಕ್ಕೆ ಹೆಬ್ಬೆರಳಿನಲ್ಲಿ ದಪ್ಪ ತಂತಿ, 'ಕಿಟ'ಕ್ಕೆ ಹಗುರವಾಗಿ ಕೆಳತಂತಿಗಳು. 'ತಕಧಿಮಿ'ಯ 'ತ'ಕ್ಕೆ ಮತ್ತೆ ಹೆಬ್ಬೆರಳು, ಉಳಿದ ಮೂರಕ್ಕೆ ಹಗುರ. ಇಲ್ಲಿ ತಬಲಾದವರಿಗೆ ಧೈರ್ಯವಾಗಿ 'ರೂಪಕ್' ಅನ್ನಬಹುದು. ಏಳಕ್ಕೆ ಏಳು ಕೂರುತ್ತದೆ.

ಕಾಪೊ: ಕರಿ ನಾಲ್ಕಕ್ಕೆ 1, ಕರಿ ಐದಕ್ಕೆ 3. ಗಂಡಸರು ಹಾಡಿದರೆ 'ಸ'ವನ್ನು ಸಿ ಮೇಲೆ ಇಟ್ಟು ಸಿ, ಡಿ, ಎ ಮೈನರ್, ಜಿ ಸಸ್ ಟು ಹಿಡಿಯಿರಿ. ಕರಿ ಒಂದಕ್ಕೆ ಕಾಪೊ 1, ಕರಿ ಎರಡಕ್ಕೆ 3. ಆಗ ಡಿಕ್ಕಿಯಾಗುವ ಕಾರ್ಡ್ ಡಿ ಮೇಜರ್.

ಬಾಯಲ್ಲಿ ಲೋಕ ಕಾಣುವ ನುಡಿಗೆ ನಾನಂತೂ ಗಿಟಾರ್ ನಿಲ್ಲಿಸುತ್ತೇನೆ. ತಂಬೂರಿ ಶ್ರುತಿ ಮಾತ್ರ. ಪಲ್ಲವಿಗೆ ಮರಳಿದಾಗ ಜಿ ಇಂದ ಸೇರಿಕೊಂಡರೆ ಸರಿ.

ನಾಲ್ಕನೇ ಹಾಡು: ಎನ್ನ ಬಿನ್ನಪ ಕೇಳು ಧನ್ವಂತ್ರಿ

ಇದು ಪೂರ್ತಿ ನಮ್ಮ ಸೀಮೆಯ ಕಥೆ. ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ಪಂಡಿತರು. ಸಂಸ್ಕೃತದಲ್ಲಿ ದೊಡ್ಡ ಹೆಸರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅಷ್ಟಕ್ಕಷ್ಟೆ. ವಿಜಯದಾಸರು ಊರಿಗೆ ಬಂದು ಊಟಕ್ಕೆ ಕರೆದರು. 'ಹೊತ್ತು ಮೀರಿ ಉಂಡರೆ ಹೊಟ್ಟೆನೋವು ಬರುತ್ತೆ' ಅಂತ ಆಚಾರ್ಯರು ನೆಪ ಹೇಳಿ ತಪ್ಪಿಸಿಕೊಂಡರು. ಆಮೇಲೆ ನಿಜಕ್ಕೂ ಹೊಟ್ಟೆನೋವು ಹಿಡಿಯಿತು. ಯಾವ ಔಷಧಿಗೂ ಬಗ್ಗಲಿಲ್ಲ. ಕೊನೆಗೆ ವಿಜಯದಾಸರ ಬಳಿಗೇ ಹೋದರೆ ಅವರು ತಮ್ಮ ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ಧನ್ವಂತ್ರಿಯನ್ನು ಬೇಡಿ ಹಾಡಿದ್ದು ಈ ಪದ ಅಂತ ಹೇಳುತ್ತಾರೆ. ಮಂತ್ರಿಸಿದ ಜೋಳದ ರೊಟ್ಟಿ ತಿನ್ನಿಸಿದರು, ತಮ್ಮ ಆಯಸ್ಸಿನಲ್ಲಿ 40 ವರ್ಷ ದಾನ ಕೊಟ್ಟರು ಅಂತಲೂ ಐತಿಹ್ಯ. ಬದುಕಿ ಉಳಿದ ಆಚಾರ್ಯರೇ ಜಗನ್ನಾಥದಾಸರು. 'ಹರಿಕಥಾಮೃತಸಾರ' ಬರೆದವರು.

ಒಬ್ಬರು ಇನ್ನೊಬ್ಬರ ಜೀವಕ್ಕಾಗಿ ಅಂಗಲಾಚುವ ಹಾಡಿದು. ಒಂದೊಂದು ಮಂಡಳಿ ಒಂದೊಂದು ಧಾಟಿಯಲ್ಲಿ ಹಾಡುತ್ತದೆ. ಹಾಗಾಗಿ ಸಿದ್ಧ ಕಾರ್ಡ್ ಕೊಡಲು ಬರುವುದಿಲ್ಲ. ಹೀಗೆ ಮಾಡಿ. ನಿಮ್ಮ ಊರಲ್ಲಿ ಚೆನ್ನಾಗಿ ಹಾಡುವ ಹಿರಿಯರನ್ನು ಕೇಳಿ, 'ಅಜ್ಜಿ, ಒಂದ್ಸಲ ನಿಧಾನಕ್ಕೆ ಹಾಡ್ರಿ' ಅಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಗೆ ಬಂದು ಒಂದೇ ತಂತಿಯಲ್ಲಿ ಆ ಧಾಟಿ ಹುಡುಕಿ. ಪ್ರತಿ ಸಾಲು ಯಾವ ಸ್ವರದಲ್ಲಿ ನಿಲ್ಲುತ್ತದೆ ಅಂತ ಮಾತ್ರ ಬರೆಯಿರಿ. ಹೆಚ್ಚಿನ ಸಾಲು 'ಸ' ಅಥವಾ 'ಪ'ದಲ್ಲಿ ನಿಲ್ಲುತ್ತವೆ. ಅಲ್ಲಿ 'ಸ ಪ ಸ' ಮೂರೇ ತಂತಿ ಮಿಡಿಯಿರಿ. ಡಿ ಮೇಲಾದರೆ ನಾಲ್ಕನೇ ತಂತಿ ಖಾಲಿ, ಮೂರನೆಯದು ಎರಡನೇ ಫ್ರೆಟ್, ಎರಡನೆಯದು ಮೂರನೇ ಫ್ರೆಟ್. ಬೇರೆ ಸ್ವರದಲ್ಲಿ ನಿಂತ ಸಾಲಿಗೆ ಮಾತ್ರ ಜರಡಿ ಹಿಡಿದು ಇನ್ನೊಂದು ಕಾರ್ಡ್ ಹುಡುಕಿ. ಪೂರ್ತಿ ಹಾಡಿಗೆ ಎರಡು ಕಾರ್ಡ್ ದಾಟಿದರೆ ಒಂದನ್ನು ತೆಗೆಯಿರಿ. ಸ್ಟ್ರಮ್ (ಎಲ್ಲ ತಂತಿಗಳನ್ನು ಒಟ್ಟಿಗೆ ಬಾರಿಸುವುದು) ಬೇಡ, ಬೆರಳಲ್ಲಿ ಮೀಟಿ.

ಇದಾದ ಮೇಲೆ ಹರಿಕಥಾಮೃತಸಾರ ಹಾಡುವ ಮಂಡಳಿ ನಿಮ್ಮದಾದರೆ ಕೃಷ್ಣನ ಹಾಡಿಗೆ ಕಲಿತ ಏಳರ ಕೈಯೇ ಸಾಕು. ಅದು ಭಾಮಿನಿ ಷಟ್ಪದಿ. ಸಾಲು ನಡೆಯುವುದೇ 3, 4, 3, 4 ಮಾತ್ರೆಯಲ್ಲಿ. ಮೂರನೇ ಮತ್ತು ಆರನೇ ಸಾಲು ಇನ್ನೊಂದು 3, 4 ಉದ್ದ, ಕೊನೆಗೆ ಒಂದು ಗುರು. ಆ ಗುರುವಿನಲ್ಲಿ ಹಾಡುವವರು ಉಸಿರು ತೆಗೆದುಕೊಳ್ಳುತ್ತಾರೆ. ನೀವು ಆಗ ತಂತಿ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿ.

ಮಂಡಳಿಯಲ್ಲಿ ಕೂತಾಗ

ಹಾರ್ಮೋನಿಯಂ ಪಕ್ಕ ಕೂರಬೇಡಿ, ತಬಲಾ ಪಕ್ಕ ಕೂರಿ. ಹಾರ್ಮೋನಿಯಂ ಸ್ವರ ಹಿಡಿದಿರುತ್ತದೆ, ನಿಮ್ಮ ಕೆಲಸ ಜಾಸ್ತಿ ಲಯದ್ದು. ಹಾರ್ಮೋನಿಯಂ ಹಳೆಯದಾದರೆ ಅದರ ಶ್ರುತಿ ಟ್ಯೂನರಿಗೆ ಹೊಂದುವುದಿಲ್ಲ. ಆಗ ಟ್ಯೂನರ್ ಮುಚ್ಚಿ, ಅದರ 'ಸ'ಕ್ಕೆ ಕಿವಿಯಿಂದಲೇ ತಂತಿ ಸೇರಿಸಿ. ಹಾಡುವವರು ಆಲಾಪ ಶುರು ಮಾಡಿದರೆ ಸುಮ್ಮನಿರಿ. ಮೊಹರಂ ಪದ, ಏಕತಾರಿಯ ತತ್ವಪದಕ್ಕೆ ಕರೆದರೆ 'ಸ ಪ ಸ' ಬಿಟ್ಟು ಬೇರೆ ಬಾರಿಸಬೇಡಿ.

ನೋಟ್‌ಬುಕ್ಕಿನಲ್ಲಿ ಒಂದು ಹಾಡಿಗೆ ಒಂದೇ ಪುಟ. ಮೇಲೆ ಅಂಕಿತ, ರಾಗ, ಎಣಿಕೆ. ಪಕ್ಕದಲ್ಲಿ ಯಾರು ಹಾಡುತ್ತಾರೆ, ಹಾರ್ಮೋನಿಯಂನಲ್ಲಿ ಯಾವ ಮನೆ, ಕಾಪೊ ಎಷ್ಟು. ಸಾಹಿತ್ಯದ ಮೇಲೆ ಪೆನ್ಸಿಲ್‌ನಲ್ಲಿ ಕಾರ್ಡ್. ಪೆನ್ ಬೇಡ, ಮುಂದಿನ ಶುಕ್ರವಾರ ಇನ್ನೊಬ್ಬರು ಬೇರೆ ಧಾಟಿಯಲ್ಲಿ ಹಾಡುತ್ತಾರೆ.